ಓದುಗರ ಪ್ರಶ್ನೆ, ನಮ್ಮ ಉತ್ತರ: ತೆರೆಯ ಮೇಲಿನ ಇತಿಹಾಸ

ಐತಿಹಾಸಿಕ ಸಿನಿಮಾಗಳನ್ನು ನೋಡುವಾಗ ನಿಮಗೆ ಎದುರಾದ ಸಂದೇಹಗಳನ್ನು ಬರೆದು ಕಳಿಸಿರೆಂದು ಹಿಂದಿನ ಸಂಚಿಕೆಯಲ್ಲಿ ಕೇಳಿದ್ದಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪತ್ರಗಳು ಬಂದಿವೆ. ಕೆಲವರು ಉಡುಪಿನ ತಪ್ಪು ಹಿಡಿದಿದ್ದಾರೆ, ಕೆಲವರು ಇಸವಿಯ ತಪ್ಪು; ಇನ್ನು ಕೆಲವರು ಇಡೀ ಕಥೆಯೇ ಬೇರೆಯಾಗಿದೆಯೆಂದು ಸಿಟ್ಟಾಗಿದ್ದಾರೆ. ಇವುಗಳಲ್ಲಿ ಮೂರನೆಯ ಬಗೆಯ ತಪ್ಪಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ರಾಣಿ ಉಟ್ಟ ಸೀರೆ ತಪ್ಪಾದರೆ ನೋಡುಗನಿಗೆ ಆಗುವ ನಷ್ಟ ಸಣ್ಣದು. ಯುದ್ಧ ಯಾವ ಕಾರಣಕ್ಕೆ ನಡೆಯಿತು ಎಂಬುದೇ ತಪ್ಪಾದರೆ ಅದು ತಲೆಮಾರುಗಟ್ಟಲೆ ತಲೆಯಲ್ಲಿ ಉಳಿಯುತ್ತದೆ. ಆದ್ದರಿಂದ ಉತ್ತರಗಳು ಎಲ್ಲ ಪತ್ರಗಳಿಗೂ ಒಂದೇ ಉದ್ದದಲ್ಲಿಲ್ಲ.

ಪ್ರಶ್ನೆ: ನಮ್ಮ ಊರಿನ ಹೆಸರಿನಲ್ಲಿ ನಡೆದ ಯುದ್ಧವನ್ನು ಸಿನಿಮಾ ಮತ್ತು ಧಾರಾವಾಹಿಗಳಲ್ಲಿ ಯಾವಾಗಲೂ ಹಿಂದೂ ಸೈನ್ಯ ಒಂದು ಕಡೆ, ಮುಸ್ಲಿಂ ಸೈನ್ಯ ಇನ್ನೊಂದು ಕಡೆ ಎಂದೇ ತೋರಿಸುತ್ತಾರೆ. ಕೃಷ್ಣದೇವರಾಯನ ಸಾಮ್ರಾಜ್ಯ ಹೀಗೆ ಮುಗಿಯಿತು ಎಂಬ ಮಾತೂ ಬರುತ್ತದೆ. ಇದು ಎಷ್ಟು ನಿಜ? (ತಾಳಿಕೋಟೆಯ ಓದುಗರೊಬ್ಬರು)

ಉತ್ತರ: ಊರಿನ ಹೆಸರಿನಿಂದಲೇ ಆರಂಭಿಸೋಣ. ಸುಲ್ತಾನರ ಸೈನ್ಯಗಳು ಒಟ್ಟುಗೂಡಿದ್ದು ಡೋಣಿ ನದಿಯ ದಂಡೆಯಲ್ಲಿರುವ ನಿಮ್ಮ ತಾಳಿಕೋಟೆಯಲ್ಲಿ. ಕಾದಾಟ ನಡೆದದ್ದು ಅಲ್ಲಿಂದ ಸಾಕಷ್ಟು ದಕ್ಷಿಣಕ್ಕೆ, ಕೃಷ್ಣಾ ನದಿಯ ಆಸುಪಾಸಿನಲ್ಲಿ. ಈಗಿನ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ ಮತ್ತು ಹುನಗುಂದ ತಾಲ್ಲೂಕಿನ ರಕ್ಕಸಗಿ ಎಂಬ ಎರಡು ಊರುಗಳ ಹೆಸರು ಸೇರಿಸಿ ರಕ್ಕಸತಂಗಡಿ ಕಾಳಗ ಎಂದು ಕರೆಯುವ ರೂಢಿ ಅದಕ್ಕೇ ಬಂದಿದೆ. 1565ರ ಜನವರಿಯಲ್ಲಿ ಈ ಕಾಳಗ ನಡೆಯುವ ಹೊತ್ತಿಗೆ ಕೃಷ್ಣದೇವರಾಯ ತೀರಿಕೊಂಡು 35 ವರ್ಷಗಳಾಗಿದ್ದವು. ಸಿಂಹಾಸನದ ಮೇಲೆ ಹೆಸರಿಗೆ ಸದಾಶಿವರಾಯನಿದ್ದ, ಅಧಿಕಾರವೆಲ್ಲ ಕೃಷ್ಣದೇವರಾಯನ ಅಳಿಯ ರಾಮರಾಯನ ಕೈಯಲ್ಲಿತ್ತು. ತೆರೆಯ ಮೇಲೆ ಸದಾಶಿವರಾಯ ಕಾಣುವುದೇ ಅಪರೂಪ. ಅವನನ್ನು ತೋರಿಸಿದರೆ, ನಿಜವಾದ ಅರಸನನ್ನು ಬದಿಗಿರಿಸಿ ರಾಮರಾಯ ಆಳುತ್ತಿದ್ದನೆಂಬ ತೊಡಕಿನ ಸಂಗತಿಯನ್ನೂ ತೋರಿಸಬೇಕಾಗುತ್ತದೆ. ನಾಯಕನನ್ನು ಕಳಂಕವಿಲ್ಲದವನನ್ನಾಗಿ ತೋರಿಸಬೇಕೆಂಬ ನಿರ್ಮಾಪಕರಿಗೆ ಅದು ಬೇಡವಾಗುತ್ತದೆ.

ಇನ್ನು ಪಕ್ಷಗಳ ಮಾತು. ಬಿಜಾಪುರದ ಒಂದನೆಯ ಅಲಿ ಆದಿಲ್‌ಶಾಹ, ಅಹ್ಮದನಗರದ ಹುಸೇನ್ ನಿಜಾಮ್‌ಶಾಹ, ಗೋಲ್ಕೊಂಡದ ಇಬ್ರಾಹಿಂ ಕುತುಬ್‌ಶಾಹ, ಬೀದರಿನ ಅಲಿ ಬರೀದ್‌ಶಾಹ ಈ ನಾಲ್ವರು ಒಂದಾದರೆಂಬುದು ನಿಜ. ಆದರೆ ಇದೇ ಅಲಿ ಆದಿಲ್‌ಶಾಹ ಅದಕ್ಕೆ ಕೆಲವೇ ವರ್ಷಗಳ ಹಿಂದೆ, ರಾಮರಾಯನ ಮಗ ತೀರಿಕೊಂಡಾಗ ಸ್ವತಃ ವಿಜಯನಗರಕ್ಕೆ ಹೋಗಿ ಸಾಂತ್ವನ ಹೇಳಿ ಬಂದವನು, ರಾಮರಾಯನ ಜೊತೆ ಸೇರಿ ಅಹ್ಮದನಗರದ ಮೇಲೆ ದಂಡೆತ್ತಿ ಹೋದವನು. ಇಬ್ರಾಹಿಂ ಕುತುಬ್‌ಶಾಹನಂತೂ ಪಟ್ಟವೇರುವ ಮೊದಲು ವರ್ಷಗಟ್ಟಲೆ ವಿಜಯನಗರದಲ್ಲಿ ಆಶ್ರಯ ಪಡೆದಿದ್ದ. ಸುಲ್ತಾನರಲ್ಲಿ ಒಬ್ಬನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟಿ ತಾನು ನಡುವೆ ಬಲಿಯುವುದು ರಾಮರಾಯನ ರಾಜಕಾರಣವಾಗಿತ್ತು. ಅದು ಮಿತಿಮೀರಿದಾಗ ಪರಸ್ಪರ ವೈರಿಗಳಾದವರೂ ರಾಜಿಯಾದರು. ಆ ರಾಜಿಗೆ ಮದುವೆಯ ಗಂಟೂ ಬಿದ್ದಿತು. ಹುಸೇನ್ ನಿಜಾಮ್‌ಶಾಹನ ಮಗಳು ಚಾಂದಬೀಬಿ ಬಿಜಾಪುರದ ಸೊಸೆಯಾಗಿ ಬಂದಳು, ಅವಳ ಜೊತೆ ಸೊಲ್ಲಾಪುರದ ಕೋಟೆಯೂ ಬಂತು. ಬೇರಾರದ ಸುಲ್ತಾನ ಈ ಕೂಟಕ್ಕೆ ಸೇರಲೇ ಇಲ್ಲ. ಧರ್ಮವೊಂದೇ ಕಾರಣವಾಗಿದ್ದರೆ ಅವನು ಹೊರಗುಳಿದದ್ದೇಕೆ ಎಂದು ಯಾವ ಚಿತ್ರಕಥೆಗಾರನೂ ಕೇಳಿಕೊಂಡಂತೆ ಕಾಣುವುದಿಲ್ಲ.

ಸೈನ್ಯಗಳ ಒಳಗಂತೂ ಬೆರಕೆಯೇ ಬೆರಕೆ. ಆದಿಲ್‌ಶಾಹಿಯ ಕುದುರೆ ಸವಾರರಲ್ಲಿ ಮರಾಠರಿದ್ದರು, ವಿಜಯನಗರದ ದಂಡಿನಲ್ಲಿ ಮುಸ್ಲಿಂ ಸರದಾರರಿದ್ದರು. ಕಾಳಗವಾಗಿ ಎರಡು ವರ್ಷಗಳ ನಂತರ, 1567ರಲ್ಲಿ, ಹಾಳಾದ ರಾಜಧಾನಿಗೆ ಬಂದು ತಿಂಗಳುಗಟ್ಟಲೆ ಉಳಿದಿದ್ದ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡರಿಕ್, ರಾಮರಾಯನ ಕಡೆಯ ಇಬ್ಬರು ಮುಸ್ಲಿಂ ದಳಪತಿಗಳು ಯುದ್ಧದ ನಡುವೆ ಪಕ್ಷ ಬದಲಿಸಿದ್ದರಿಂದ ಸೋಲಾಯಿತೆಂದು ಬರೆದಿದ್ದಾನೆ. ಬಿಜಾಪುರದ ಆಸ್ಥಾನದಲ್ಲಿ ಕುಳಿತು ಮುಂದೆ ಇತಿಹಾಸ ಬರೆದ ಫೆರಿಶ್ತಾ ಆ ದ್ರೋಹದ ಮಾತೆತ್ತುವುದಿಲ್ಲ. ಗೆದ್ದವರ ಮನೆಯ ಬರಹಗಾರನಿಗೆ ಅದು ಶೋಭಿಸುವ ಸಂಗತಿಯೂ ಅಲ್ಲ. ಸಿನಿಮಾದವರು ಈ ದ್ರೋಹದ ಪ್ರಸಂಗವನ್ನು ಮಾತ್ರ ತಪ್ಪದೆ ಎತ್ತಿಕೊಳ್ಳುತ್ತಾರೆ, ಆ ಸರದಾರರನ್ನು ರಾಮರಾಯನೇ ನಂಬಿ ದೊಡ್ಡ ಹುದ್ದೆಯಲ್ಲಿ ಇಟ್ಟುಕೊಂಡಿದ್ದನೆಂಬ ಮೊದಲರ್ಧವನ್ನು ಬಿಟ್ಟುಬಿಡುತ್ತಾರೆ.

ಕೊನೆಯ ದೃಶ್ಯವನ್ನೂ ಹೇಳಬೇಕು. ರಾಮರಾಯ ಆಗ ಹಣ್ಣುಹಣ್ಣು ಮುದುಕ. ಅವನನ್ನು ಸೆರೆ ಹಿಡಿದು ಹುಸೇನ್ ನಿಜಾಮ್‌ಶಾಹನ ಮುಂದೆ ತಂದು ಅಲ್ಲಿಯೇ ತಲೆ ಕಡಿದರು. ತೆರೆಯ ಮೇಲೆ ನಡುವಯಸ್ಸಿನ ಬಲಿಷ್ಠ ನಾಯಕ ಕುದುರೆಯ ಮೇಲೆ ಕುಳಿತು ನೂರಾರು ಜನರನ್ನು ಕಡಿದು ಬೀಳುತ್ತಾನೆ. ನನ್ನ ಅಭಿಪ್ರಾಯದಲ್ಲಿ ಆ ವಯಸ್ಸಿನಲ್ಲಿ ರಣರಂಗಕ್ಕೆ ಬಂದು ಕುಳಿತ ಮುದುಕನ ಚಿತ್ರವೇ ಹೆಚ್ಚು ಗಟ್ಟಿಯಾದ ನಾಟಕ. ಅದನ್ನು ಬಿಟ್ಟುಕೊಟ್ಟವರು ಇತಿಹಾಸಕ್ಕಷ್ಟೇ ಅಲ್ಲ, ತಮ್ಮ ಸಿನಿಮಾಕ್ಕೂ ಅನ್ಯಾಯ ಮಾಡಿಕೊಂಡಿದ್ದಾರೆ.

ಪ್ರಶ್ನೆ: ನಾನು ಪ್ರವಾಸಿಗರಿಗೆ ಊರು ತೋರಿಸುವ ಕೆಲಸ ಮಾಡುತ್ತೇನೆ. ಗೋಳಗುಮ್ಮಟದ ಒಳಗೆ ಬಂದವರು, ಸುಲ್ತಾನನ ಸಿಂಹಾಸನ ಎಲ್ಲಿತ್ತು, ಅಫ್ಜಲ್ ಖಾನ್ ಎಲ್ಲಿ ನಿಂತು ಶಪಥ ಮಾಡಿದ ಎಂದು ಕೇಳುತ್ತಾರೆ. ಸಿನಿಮಾದಲ್ಲಿ ನೋಡಿದ್ದೇವೆ ಎನ್ನುತ್ತಾರೆ. ಏನು ಉತ್ತರ ಕೊಡಲಿ? (ವಿಜಯಪುರದ ಓದುಗರೊಬ್ಬರು)

ಉತ್ತರ: ಗೋಳಗುಮ್ಮಟ ಸಮಾಧಿ, ಅರಮನೆಯಲ್ಲ, ಇದನ್ನು ಮೊದಲೇ ಹೇಳಿಬಿಡಿ. ಅದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್‌ಶಾಹನ ಗೋರಿ. ಒಳಗೆ ಕಟ್ಟೆಯ ಮೇಲೆ ಕಾಣುವ ಗೋರಿಗಳನ್ನು ತೋರಿಸಿ, ಗೋರಿಗಳ ನಡುವೆ ಯಾರೂ ದರಬಾರು ನಡೆಸುವುದಿಲ್ಲವೆಂದು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಬರುವುದಿಲ್ಲ. ದರಬಾರು ನೋಡಬೇಕೆಂದವರನ್ನು ಗಗನಮಹಲಿಗೆ ಕರೆದುಕೊಂಡು ಹೋಗಿರಿ. ಒಂದನೆಯ ಅಲಿ ಆದಿಲ್‌ಶಾಹ ಕಟ್ಟಿಸಿದ ಆ ಕಟ್ಟಡದ ನಡುವಿನ ಮಹಾ ಕಮಾನು ಇಂದಿಗೂ ನಿಂತಿದೆ. ಮೇಲಂತಸ್ತು ಹೋಗಿದ್ದರೂ, ಎದುರಿನ ಬಯಲಿನಲ್ಲಿ ನೆರೆದ ಜನರಿಗೆ ಸುಲ್ತಾನ ಹೇಗೆ ಕಾಣುತ್ತಿದ್ದ ಎಂಬುದನ್ನು ಅಲ್ಲಿ ನಿಂತರೆ ಊಹಿಸಬಹುದು.

ಅಫ್ಜಲ್ ಖಾನನ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅವನು ಪ್ರತಾಪಗಡದಲ್ಲಿ ಹತನಾದದ್ದು 1659ರ ನವೆಂಬರ್‌ನಲ್ಲಿ. ಆಗ ಗುಮ್ಮಟ ಎದ್ದು ನಿಂತಿತ್ತು, ಆದ್ದರಿಂದ ಹಿನ್ನೆಲೆಯಲ್ಲಿ ಅದನ್ನು ತೋರಿಸಿದರೆ ತಪ್ಪಿಲ್ಲ. ಅದೇ ಗುಮ್ಮಟವನ್ನು ಚಾಂದಬೀಬಿಯ ಕಥೆಯಲ್ಲಿಯೋ, 1565ರ ಯುದ್ಧಕ್ಕೆ ಹೊರಟ ದಂಡಿನ ಹಿಂದೆಯೋ ತೋರಿಸಿದರೆ ಅದು ಶುದ್ಧ ತಪ್ಪು. ಚಾಂದಬೀಬಿ 1600ರ ಸುಮಾರಿಗೇ ಅಹ್ಮದನಗರದಲ್ಲಿ ಹತಳಾಗಿದ್ದಳು. ಅವಳ ಹೆಸರಿನ ಚಾಂದಬಾವಡಿ ಊರಿನಲ್ಲಿಯೇ ಇರುವಾಗ ಕ್ಯಾಮೆರಾದವರು ಅದನ್ನು ಬಿಟ್ಟು ಗುಮ್ಮಟಕ್ಕೆ ಓಡುವುದೇಕೆಂಬುದು ನನಗಂತೂ ತಿಳಿಯದು. ಮಲಿಕ್-ಎ-ಮೈದಾನ್ ತೋಪಿನ ಸಂಗತಿಯೂ ಹೀಗೆಯೇ. ಅದನ್ನು ಎರಕ ಹೊಯ್ದದ್ದು 1549ರಲ್ಲಿ ಅಹ್ಮದನಗರದಲ್ಲಿ; ಬಿಜಾಪುರದ ಬುರುಜಿಗೆ ಬಂದದ್ದು ಹದಿನೇಳನೆಯ ಶತಮಾನದಲ್ಲಿ. ರಾಮರಾಯನ ಕಾಲದ ಬಿಜಾಪುರದ ಕೋಟೆಯ ಮೇಲೆ ಅದು ಗರ್ಜಿಸಲು ಸಾಧ್ಯವಿರಲಿಲ್ಲ.

ಸಾಠ್ ಕಬರಿನ ಬಗ್ಗೆಯೂ ನೀವು ಬರೆದಿದ್ದೀರಿ. ತಾನು ಯುದ್ಧದಿಂದ ಮರಳುವುದಿಲ್ಲವೆಂಬ ಜ್ಯೋತಿಷಿಯ ಮಾತು ನಂಬಿ ಖಾನ ತನ್ನ ಅರವತ್ತಕ್ಕೂ ಹೆಚ್ಚು ಹೆಂಡಂದಿರನ್ನು ಕೊಂದನೆಂಬುದು ಜನಜನಿತ ಕಥೆ. ಸಾಲುಸಾಲಾಗಿ ಒಂದೇ ಮಾದರಿಯಲ್ಲಿರುವ ಆ ಗೋರಿಗಳು ಕಣ್ಣ ಮುಂದಿವೆ. ಕಥೆಯನ್ನು ಕಥೆಯೆಂದು ಹೇಳಿ ತೋರಿಸಿರಿ.

ಪ್ರಶ್ನೆ: ಪ್ರತಿ ವರ್ಷ ಶಾಲೆಯ ಗ್ಯಾದರಿಂಗ್‌ನಲ್ಲಿ ಮಕ್ಕಳಿಂದ ಕಿತ್ತೂರು ಚೆನ್ನಮ್ಮನ ನಾಟಕ ಆಡಿಸುತ್ತೇವೆ. ಸಂಭಾಷಣೆ, ವೇಷ ಎಲ್ಲವೂ ಸಿನಿಮಾದಿಂದ ತೆಗೆದುಕೊಂಡದ್ದು. ಕಪ್ಪದ ಸಂಭಾಷಣೆ ಐತಿಹಾಸಿಕವೇ? ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ಡಾಲ್‌ಹೌಸಿಯ ಕಾಯ್ದೆಯಿಂದ ಯುದ್ಧ ಆಯಿತೆಂದು ಪೀಠಿಕೆಯಲ್ಲಿ ಹೇಳಿಸುತ್ತೇವೆ, ಅದು ಸರಿಯೇ? (ಬೈಲಹೊಂಗಲದ ಶಿಕ್ಷಕರೊಬ್ಬರು)

ಉತ್ತರ: ಮಾಸ್ತರೇ, ಎರಡನೆಯದು ಸುಲಭ. ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬಂದದ್ದು 1848ರಲ್ಲಿ, ಕಿತ್ತೂರಿನ ಕದನ ನಡೆದದ್ದು 1824ರಲ್ಲಿ. ಆಗ ಗವರ್ನರ್ ಜನರಲ್ ಆಗಿದ್ದವನು ಅಮ್ಹರ್ಸ್ಟ್, ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್. ದತ್ತಕಕ್ಕೆ ಕಂಪನಿಯ ಒಪ್ಪಿಗೆ ಬೇಕೆಂಬ ಪಟ್ಟು ಡಾಲ್‌ಹೌಸಿಗಿಂತ ಮೊದಲೇ ಇತ್ತು. ಅವನು ಅದನ್ನು ಸಾತಾರಾ, ಝಾನ್ಸಿ ಮೊದಲಾದ ಕಡೆ ವ್ಯಾಪಕವಾಗಿ ಬಳಸಿ ಹೆಸರು ಕೆಡಿಸಿಕೊಂಡ. ಪೀಠಿಕೆಯಿಂದ ಡಾಲ್‌ಹೌಸಿಯ ಹೆಸರನ್ನು ತೆಗೆದು, ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪಲಿಲ್ಲವೆಂದು ಹೇಳಿಸಿದರೆ ಸಾಕು.

ಕಪ್ಪದ ಸಂಭಾಷಣೆ ಕಷ್ಟದ ವಿಷಯ, ಏಕೆಂದರೆ ಅದು ನಮ್ಮ ಭಾಗದ ಜನರ ಬಾಯಿಪಾಠವಾಗಿದೆ. ಜಾತ್ರೆಯ ಕಂಪನಿ ನಾಟಕದಲ್ಲಿ ಆ ಮಾತು ಬಂದಾಗ ಬೀಳುವ ಚಪ್ಪಾಳೆಯನ್ನು ಕೇಳಿದವರಿಗೆ ಅದರ ಬಲ ಗೊತ್ತು. ಬಿ.ಆರ್. ಪಂತುಲು ಅವರು ಕಿತ್ತೂರಿನ ಚಿತ್ರವನ್ನು 1961ರಲ್ಲಿ ತಂದರು. ಅದಕ್ಕೆ ಎರಡು ವರ್ಷ ಮೊದಲು, 1959ರಲ್ಲಿ, ಪಾಂಚಾಲಂಕುರಿಚಿಯ ಕಟ್ಟಬೊಮ್ಮನ್ ಕುರಿತು ತಮಿಳಿನಲ್ಲಿ ಚಿತ್ರ ಮಾಡಿದವರೂ ಅವರೇ. ಮಳೆ ಸುರಿಯುತ್ತದೆ, ನೆಲ ಬೆಳೆಯುತ್ತದೆ, ನಿನಗೇಕೆ ಕರ ಎಂಬ ಧಾಟಿಯ ಸವಾಲು ಅಲ್ಲಿ ಮೊದಲು ಮೊಳಗಿತು. ಕಟ್ಟಬೊಮ್ಮನ್‌ನ ಜಗಳ ನಿಜವಾಗಿಯೂ ಕರದ ಜಗಳ. ಕಿತ್ತೂರಿನದು ಹಾಗಲ್ಲ.

ಚೆನ್ನಮ್ಮನ ಗಂಡ, ಕಿತ್ತೂರಿನ ದೇಸಾಯಿ ಮಲ್ಲಸರ್ಜ ಪೇಶ್ವೆಯ ಸೆರೆಯಲ್ಲಿ ನವೆದು, 1816ರಲ್ಲಿ ಬಿಡುಗಡೆಯಾಗಿ ಊರಿಗೆ ಬರುವ ದಾರಿಯಲ್ಲಿ ತೀರಿಕೊಂಡ. ಅವನ ಮಗ ಶಿವಲಿಂಗರುದ್ರಸರ್ಜ 1818ರಲ್ಲಿ ಕಂಪನಿಯ ಪರ ನಿಂತ, ಪ್ರತಿಯಾಗಿ ಥಾಮಸ್ ಮನ್ರೋ ಅವನ ಸಂಸ್ಥಾನವನ್ನು ವಾರ್ಷಿಕ ಪೊಗದಿಯ ಷರತ್ತಿನ ಮೇಲೆ ಉಳಿಸಿಕೊಟ್ಟ. ಅಂದರೆ 1824ಕ್ಕೆ ಮೊದಲು ಕಿತ್ತೂರು ಕಂಪನಿಗೆ ಹಣ ಕೊಡುತ್ತಲೇ ಇತ್ತು. 1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ದತ್ತಕ ಸಾಯುವ ಮೊದಲೇ ಆಯಿತೆ, ಪತ್ರದ ಮೇಲಿನ ಸಹಿ ಅವನದೇ ಹೌದೆ ಎಂದು ಥ್ಯಾಕರೆ ಸಂಶಯಪಟ್ಟ. ಆಮೇಲೆ ಬಂದು ಖಜಾನೆಗೆ ಮುದ್ರೆ ಒತ್ತಿಸಿದ, ಕಾವಲು ಹಾಕಿಸಿದ. ಮನೆಯೊಳಗಿನ ಭಂಡಾರಕ್ಕೆ ಪರರ ಮೊಹರು ಬಿದ್ದದ್ದು, ಮನೆಯ ಮಗುವನ್ನು ಪರರು ಒಪ್ಪದೇ ಹೋದದ್ದು, ಇದು ಚೆನ್ನಮ್ಮ ಸಿಡಿದೇಳಲು ಕಾರಣ. ಅಕ್ಟೋಬರ್ 23ರಂದು ಕೋಟೆಯ ಬಾಗಿಲನ್ನು ತೋಪಿನಿಂದ ಒಡೆಯಲು ಹೊರಟಾಗ ಒಳಗಿನ ದಂಡು ಹೊರಗೆ ನುಗ್ಗಿತು. ಅಮಟೂರ ಬಾಳಪ್ಪನ ಗುಂಡಿಗೆ ಥ್ಯಾಕರೆ ಬಿದ್ದ. ಎಲಿಯಟ್ ಮತ್ತು ಸ್ಟೀವನ್‌ಸನ್ ಎಂಬ ಇಬ್ಬರು ಅಧಿಕಾರಿಗಳು ಸೆರೆಯಾದರು. ಅವರನ್ನು ಕೊಲ್ಲದೆ ಇರಿಸಿಕೊಂಡು, ಮಾತುಕತೆಯ ಕೊನೆಯಲ್ಲಿ ಜೀವಂತವಾಗಿ ಬಿಟ್ಟುಕೊಟ್ಟದ್ದು ನನ್ನ ಮಟ್ಟಿಗೆ ಈ ಕಥೆಯ ಅತ್ಯಂತ ಎತ್ತರದ ಸಂಗತಿ. ಆ ವಾಲ್ಟರ್ ಎಲಿಯಟ್‌ನೇ ಮುಂದೆ ಕನ್ನಡ ನಾಡಿನ ಶಾಸನಗಳನ್ನು ನೂರುಗಟ್ಟಲೆ ಸಂಗ್ರಹಿಸಿದ. ಇಷ್ಟು ಸಾಮಗ್ರಿ ಇರುವಾಗ ಕಟ್ಟಬೊಮ್ಮನ್‌ನ ಜಗಳವನ್ನು ಕಿತ್ತೂರಿಗೆ ತರುವ ಅಗತ್ಯವಿರಲಿಲ್ಲ.

ಸಂಭಾಷಣೆಯನ್ನು ಕೈಬಿಡಿರೆಂದು ನಾನು ಹೇಳಲಾರೆ, ಹೇಳಿದರೆ ಪಾಲಕರೇ ನಿಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಅದರ ಹಿಂದೆ ಮೊಹರಿನ ದೃಶ್ಯವೊಂದನ್ನು ಸೇರಿಸಿರಿ: ಕಚೇರಿಯ ಗುಮಾಸ್ತ ಅರಗು ಕಾಯಿಸಿ ಪೆಟ್ಟಿಗೆಯ ಬೀಗದ ಮೇಲೆ ಮುದ್ರೆ ಒತ್ತುತ್ತಾನೆ, ರಾಣಿ ನಿಂತು ನೋಡುತ್ತಾಳೆ. ಮಕ್ಕಳಿಗೆ ಆಡಲು ಸುಲಭ, ನೋಡುವವರಿಗೆ ಕಾರಣವೂ ಸ್ಪಷ್ಟ.

ನೀವು ಕಳಿಸಿದ ಫೋಟೋಗಳನ್ನು ನೋಡಿ ಇನ್ನಷ್ಟು ಸಣ್ಣ ಸಂಗತಿಗಳನ್ನು ಹೇಳುತ್ತೇನೆ. ಥ್ಯಾಕರೆಯ ಕೈಯಲ್ಲಿರುವ ಗುಂಡು ತಿರುಗುವ ಪಿಸ್ತೂಲನ್ನು ತೆಗೆದುಬಿಡಿ. ಕೋಲ್ಟ್ ರಿವಾಲ್ವರಿಗೆ ಪೇಟೆಂಟ್ ಸಿಕ್ಕಿದ್ದೇ 1836ರಲ್ಲಿ. ಒಂದು ಗುಂಡು ಹಾರಿಸಿದ ಮೇಲೆ ಮತ್ತೆ ಮದ್ದು ತುಂಬಬೇಕಾದ ಬಂದೂಕು ಅವನ ಕಾಲದ್ದು. ಸಿಪಾಯಿಗಳಿಗೆ ಖಾಕಿ ಬೇಡ, ಅದು ಕಾಲು ಶತಮಾನ ತಡವಾಗಿ ಬಂದ ಬಣ್ಣ. ಕೆಂಪು ಅಂಗಿ ಹಾಕಿಸಿರಿ, ಮತ್ತು ಆ ಸಿಪಾಯಿಗಳಲ್ಲಿ ಬಹುಪಾಲು ಈ ದೇಶದವರೇ ಎಂಬುದು ಮಕ್ಕಳಿಗೆ ತಿಳಿಯಲಿ. ‘ವಿಕ್ಟೋರಿಯಾ ರಾಣಿಗೆ ಜಯವಾಗಲಿ’ ಎಂದು ಕೂಗಿಸಿದ್ದೀರಿ. ಆಗ ಇಂಗ್ಲೆಂಡಿನಲ್ಲಿ ನಾಲ್ಕನೆಯ ಜಾರ್ಜ್ ರಾಜನಾಗಿದ್ದ, ವಿಕ್ಟೋರಿಯಾ ಐದು ವರ್ಷದ ಮಗು. ಕಿತ್ತೂರಿನ ಕಡೆಯವರು ವಂದೇ ಮಾತರಂ ಎನ್ನುವುದೂ ಆಗದ ಮಾತು, ಬಂಕಿಮಚಂದ್ರರು ಹುಟ್ಟಿದ್ದೇ 1838ರಲ್ಲಿ. ಹಳದಿ ಕೆಂಪಿನ ಬಾವುಟವಂತೂ ನಮ್ಮ ಅಪ್ಪಂದಿರ ಕಾಲದ್ದು.

ಕೊನೆಯ ಅಂಕದಲ್ಲಿ ರಾಯಣ್ಣನ ಗಲ್ಲಿನ ಸುದ್ದಿ ಕೇಳಿ ಚೆನ್ನಮ್ಮ ಸೆರೆಮನೆಯಲ್ಲಿ ಕುಸಿಯುವ ದೃಶ್ಯವಿದೆಯಲ್ಲ, ಅದನ್ನು ಮಾತ್ರ ದಯವಿಟ್ಟು ಬದಲಿಸಿರಿ. ಚೆನ್ನಮ್ಮ ನಿಮ್ಮ ಬೈಲಹೊಂಗಲದ ಕೋಟೆಯಲ್ಲಿಯೇ 1829ರ ಫೆಬ್ರವರಿಯಲ್ಲಿ ಕಣ್ಣು ಮುಚ್ಚಿದಳು. ರಾಯಣ್ಣನ ದಂಗೆ ಜೋರಾದದ್ದು ಆ ವರ್ಷದ ಕೊನೆಯಿಂದ. ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ. ರಾಣಿ ಇಲ್ಲವಾದ ಮೇಲೂ ಅವಳ ದತ್ತು ಮೊಮ್ಮಗನಿಗಾಗಿ ಒಬ್ಬ ಶೇತಸನದಿ, ಅಂದರೆ ಊರ ಕಾವಲಿಗಾಗಿ ಹೊಲ ಪಡೆದ ಬಂಟ, ಕಾದಾಡಿದ ಎಂಬುದು ಸಿನಿಮಾ ಕಟ್ಟಿದ ಕಣ್ಣೀರಿಗಿಂತ ದೊಡ್ಡದು.

ಪ್ರಶ್ನೆ: ಹಲಗಲಿ ಬೇಡರ ಕಥೆಯನ್ನು ಕಿರುಚಿತ್ರ ಮಾಡುತ್ತಿದ್ದೇವೆ. ಮಂಗಲ ಪಾಂಡೆಯ ಸುದ್ದಿ ಕೇಳಿ, ಕೊಬ್ಬು ಸವರಿದ ತೋಟೆಯ ವಿಷಯಕ್ಕೆ ರೊಚ್ಚಿಗೆದ್ದರೆಂದು ಆರಂಭಿಸಬಹುದೇ? (ಮುಧೋಳ ತಾಲ್ಲೂಕಿನ ಯುವಕರು)

ಉತ್ತರ: ಬೇಡ. ತೋಟೆಯ ಸಂಗತಿ ಕಂಪನಿಯ ಸಿಪಾಯಿಗಳದು, ಹಲಗಲಿಯವರು ಸಿಪಾಯಿಗಳಲ್ಲ. ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕೆಂಬ 1857ರ ಕಾಯ್ದೆ ಅವರನ್ನು ಕೆರಳಿಸಿತು. ಬೇಟೆಯನ್ನೂ ಕಾವಲನ್ನೂ ನಂಬಿದ ಬೇಡರಿಗೆ ಕತ್ತಿ, ಬಂದೂಕು ಮನೆತನದ ಆಸ್ತಿ. ಅವನ್ನು ಕೊಡುವುದಿಲ್ಲವೆಂದು ಜಡಗ, ಬಾಲ ಮೊದಲಾದವರು ನಿಂತರು. ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಡಿಸೆಂಬರ್‌ನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು. ಇಡೀ ಉತ್ತರ ಭಾರತದ ಕಾರಣವನ್ನು ತಂದು ಇಲ್ಲಿ ಅಂಟಿಸಿದರೆ ಹಲಗಲಿಯ ಜನರ ಸ್ವಂತ ಕಾರಣವನ್ನು ಕಸಿದುಕೊಂಡಂತಾಗುತ್ತದೆ. ಈ ದಂಗೆಯ ಲಾವಣಿಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ಲೀಟ್ ಸಾಹೇಬ ಬರೆದಿಟ್ಟು ಅಚ್ಚು ಹಾಕಿಸಿದ್ದಾನೆ. ಚಿತ್ರಕಥೆ ಬರೆಯುವ ಮೊದಲು ಅದನ್ನು ಹಾಡುವವರಿಂದ ಒಮ್ಮೆ ಕೇಳಿರಿ.

ಪ್ರಶ್ನೆ: ಬಾದಾಮಿಯಲ್ಲಿ ಶೂಟಿಂಗ್ ನಡೆದಾಗಲೆಲ್ಲ ನಾವು ನೋಡಲು ಹೋಗುತ್ತೇವೆ. ಗುಹೆ, ಕೆರೆ, ಗುಡ್ಡ ಎಲ್ಲವೂ ನಿಜವಾದವೇ ಇರುವುದರಿಂದ ಚಾಲುಕ್ಯರ ಕಾಲದ ಸಿನಿಮಾದಲ್ಲಿ ತಪ್ಪಾಗಲು ಅವಕಾಶವೇ ಇಲ್ಲವೆಂದು ನಮ್ಮ ಗೆಳೆಯರ ವಾದ. (ಬಾದಾಮಿಯ ಓದುಗರೊಬ್ಬರು)

ಉತ್ತರ: ಗುಡ್ಡ ನಿಜ, ಗುಡ್ಡದ ಬುಡದಲ್ಲಿರುವ ಗಿಡ ನಿಜವಲ್ಲ. ಸವಾರರು ಧೂಳೆಬ್ಬಿಸುತ್ತ ಬರುವ ದೃಶ್ಯದಲ್ಲಿ ಎರಡೂ ಬದಿಗೆ ಕಾಣುವ ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದದ್ದು. ಪಾಪಾಸುಕಳ್ಳಿಯೂ ಆ ಕಡೆಯದೇ, ಬೇಸಿಗೆಯಲ್ಲಿ ಕೆಂಪಗೆ ಹೂಬಿಡುವ ಗುಲ್‌ಮೊಹರ್ ಮಡಗಾಸ್ಕರಿನದು. ಇಮ್ಮಡಿ ಪುಲಿಕೇಶಿ ಏಳನೆಯ ಶತಮಾನದವನು. ರವಿಕೀರ್ತಿ ಅವನನ್ನು ಹೊಗಳಿ ಐಹೊಳೆಯ ಮೇಗುಟಿ ಬಸದಿಯ ಗೋಡೆಯ ಮೇಲೆ ಕೆತ್ತಿಸಿದ ಶಾಸನ 634ರದು. ಕೋಟೆಯ ಮೇಲೆ ಈಗಲೂ ಇರುವ ತೋಪನ್ನು ಚೌಕಟ್ಟಿನೊಳಗೆ ಬರಗೊಟ್ಟರೆ, ಪುಲಿಕೇಶಿಗೆ ನೂರಾರು ವರ್ಷ ಆಮೇಲಿನ ಮದ್ದುಗುಂಡನ್ನು ಕೊಟ್ಟ ಹಾಗೆ.

ಸಂತೆಯ ದೃಶ್ಯ ಇನ್ನೂ ಮೋಜಿನದು. ಚೌಕಟ್ಟಿನಲ್ಲಿ ಬಣ್ಣ ಬೇಕೆಂದು ಕೆಂಪು ಮೆಣಸಿನಕಾಯಿಯನ್ನು ರಾಶಿ ಹಾಕಿಸುತ್ತಾರೆ, ಪಕ್ಕದಲ್ಲಿ ಟೊಮೆಟೊ, ಗೋವಿನಜೋಳದ ತೆನೆ, ಶೇಂಗಾ, ಪೇರಲ. ಇವೆಲ್ಲವೂ ಪೋರ್ಚುಗೀಸರು ಬಂದ ಮೇಲೆ, ಅಂದರೆ 1498ರ ಈಚೆಗೆ, ಈ ನೆಲಕ್ಕೆ ಬಂದ ಬೆಳೆಗಳು. ಪುಲಿಕೇಶಿಯ ಅಡುಗೆಯವನಿಗೆ ಖಾರ ಬೇಕಾಗಿದ್ದರೆ ಕಾಳುಮೆಣಸೋ ಹಿಪ್ಪಲಿಯೋ ಗತಿ. ಜೋಳ, ಎಳ್ಳು, ಹೆಸರು, ಬೆಲ್ಲ ಇಟ್ಟರೆ ಯಾರೂ ಆಕ್ಷೇಪಿಸುವುದಿಲ್ಲ. ಆದರೆ ಬಣ್ಣ ಸಾಲದೆಂದು ಕಲಾ ನಿರ್ದೇಶಕರು ಆಕ್ಷೇಪಿಸುತ್ತಾರೆ.

ಪ್ರಶ್ನೆ: ಚಾಲುಕ್ಯರ ರಾಣಿಗೆ ಇಳಕಲ್ ಸೀರೆ ಉಡಿಸಿದ್ದನ್ನು ನೋಡಿ ನಮಗೆ ಹೆಮ್ಮೆಯಾಯಿತು. ನಮ್ಮ ಕಸುಬು ಅಷ್ಟು ಹಳೆಯದೇ? (ಇಳಕಲ್ಲಿನ ನೇಕಾರರೊಬ್ಬರು)

ಉತ್ತರ: ಹೆಮ್ಮೆಗೆ ಬೇರೆ ಕಾರಣಗಳಿವೆ, ಅವನ್ನು ನೀವೇ ನನಗಿಂತ ಚೆನ್ನಾಗಿ ಬಲ್ಲಿರಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುವ ಕೆಲಸ ಯಾವ ಸಿನಿಮಾದ ವಸ್ತ್ರವಿನ್ಯಾಸಕರಿಗೂ ಗೊತ್ತಿರಲಾರದು. ಆದರೆ ಆ ರಾಣಿ ಉಟ್ಟ ಟೋಪ್‌ತೆನಿ ಸೆರಗಿನ ಕೆಂಪು ಕೃತಕ ರೇಷ್ಮೆಯದು, ಅದು ಇಪ್ಪತ್ತನೆಯ ಶತಮಾನದ ನೂಲು. ರಾಸಾಯನಿಕ ಬಣ್ಣವನ್ನು ಮೊದಲು ಕಂಡುಹಿಡಿದದ್ದೇ 1856ರಲ್ಲಿ. ಚಾಲುಕ್ಯರ ಕಾಲದ ಉಡುಪು ನೋಡಬೇಕಾದರೆ ಬಾದಾಮಿಯ ಮೂರನೆಯ ಗುಹೆಯ ಕಂಬಗಳ ಮೇಲಿರುವ ಜೋಡಿಗಳನ್ನು ನೋಡಿರಿ. 578ರ ಗುಹೆ ಅದು. ನಡುವಿಗೆ ಸುತ್ತಿದ ಬಟ್ಟೆ, ಮೈತುಂಬ ಒಡವೆ, ಹೊಲಿದ ಕುಪ್ಪಸವಿಲ್ಲ. ಸೆನ್ಸಾರ್ ಮಂಡಳಿಯನ್ನು ನೆನೆದು ನಿರ್ಮಾಪಕರು ಕುಪ್ಪಸ ತೊಡಿಸಿದರೆ ಅದನ್ನು ನಾನು ತಪ್ಪೆಂದು ಬರೆದಿಡುವುದಿಲ್ಲ.

ಪ್ರಶ್ನೆ: ಮಯೂರ ಚಿತ್ರದಲ್ಲಿ ನಾಯಕ ತಾನು ರಾಜಪುತ್ರನೆಂದು ಆಮೇಲೆ ತಿಳಿಯುತ್ತಾನೆ. ಹಲಸಿಯ ಕದಂಬರಿಗೂ ಅವನಿಗೂ ಸಂಬಂಧವಿದೆಯೇ? (ಖಾನಾಪುರದ ಓದುಗರೊಬ್ಬರು)

ಉತ್ತರ: ಸಂಬಂಧವಿದೆ. ಮಯೂರಶರ್ಮನ ವಂಶದವರಾದ ಬನವಾಸಿ ಕದಂಬರಿಗೆ ಹಲಸಿ ಮುಖ್ಯ ಠಾಣೆಯಾಗಿತ್ತು, ಅವರ ತಾಮ್ರಶಾಸನಗಳು ಅಲ್ಲಿಯೇ ಸಿಕ್ಕಿವೆ. ರಾಜಪುತ್ರನೆಂಬುದು 1975ರ ಆ ಚಿತ್ರದ, ಅದಕ್ಕೆ ಮೂಲವಾದ ದೇವುಡು ಅವರ ಕಾದಂಬರಿಯ ಕಥೆ. ತಾಳಗುಂದದ ಕಂಬಶಾಸನ ಹೇಳುವುದು ಬೇರೆ: ಬ್ರಾಹ್ಮಣ ಯುವಕನೊಬ್ಬ ತಾತ ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದ, ಪಲ್ಲವರ ಅಶ್ವಪಡೆಯವನೊಡನೆ ಜಗಳವಾಯಿತು, ಅವಮಾನ ತಾಳದೆ ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ. ರಾಜರಕ್ತ ಇಲ್ಲದವನು ರಾಜನಾದದ್ದು ಈ ಕಥೆಯ ತಿರುಳು. ಚಿತ್ರ ಅವನಿಗೆ ರಾಜರಕ್ತವನ್ನು ಕೊಟ್ಟು ಸಾಹಸವನ್ನು ಹಕ್ಕನ್ನಾಗಿ ಮಾಡಿಬಿಟ್ಟಿತು. ರಾಜಕುಮಾರ್ ಅವರ ಅಭಿನಯದ ಮೇಲೆ ಎಷ್ಟೇ ಅಭಿಮಾನವಿದ್ದರೂ ಇದನ್ನು ಹೇಳಲೇಬೇಕು.

ಪ್ರಶ್ನೆ: ವಿದೇಶಿ ಚಿತ್ರಗಳಲ್ಲಿ ಸಂಶೋಧನೆ ಮಾಡಿ ತೆಗೆಯುತ್ತಾರೆ, ನಮ್ಮವರಿಗೆ ಆ ಶಿಸ್ತಿಲ್ಲ ಎಂಬ ಮಾತು ಒಪ್ಪತಕ್ಕದ್ದೇ? (ಬೆಳಗಾವಿಯ ಇಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ಹಣ ಹೆಚ್ಚು, ಶಿಸ್ತು ಹೆಚ್ಚೆಂದು ಹೇಳಲಾರೆ. ಗ್ಲಾಡಿಯೇಟರ್ ಚಿತ್ರದಲ್ಲಿ ರೋಮ್‌ನ ರಾಜಕುಮಾರ ಕಮೋಡಸ್ ತಂದೆಯನ್ನು ಉಸಿರುಗಟ್ಟಿಸಿ ಕೊಂದು ಪಟ್ಟವೇರುತ್ತಾನೆ, ಸ್ವಲ್ಪ ಕಾಲದಲ್ಲೇ ಅಖಾಡದಲ್ಲಿ ಸಾಯುತ್ತಾನೆ. ನಿಜವಾಗಿ ಆ ತಂದೆ, ಚಕ್ರವರ್ತಿ ಮಾರ್ಕಸ್ ಅರೇಲಿಯಸ್, 180ರಲ್ಲಿ ಕಾಯಿಲೆಯಿಂದ ತೀರಿಕೊಂಡ; ಮಗ ಅದಕ್ಕೆ ಮೂರು ವರ್ಷ ಮೊದಲೇ ಸಹಚಕ್ರವರ್ತಿಯಾಗಿದ್ದ. ಆಮೇಲೆ ಹನ್ನೆರಡು ವರ್ಷ ಆಳಿ, 192ರ ಕೊನೆಯ ದಿನ ನಾರ್ಸಿಸಸ್ ಎಂಬ ಪೈಲ್ವಾನನ ಕೈಯಲ್ಲಿ ಕತ್ತು ಹಿಸುಕಿಸಿಕೊಂಡು ಸತ್ತ. ಬ್ರೇವ್‌ಹಾರ್ಟ್ ಇನ್ನೂ ಧೈರ್ಯದ್ದು. 1297ರ ಸ್ಟರ್ಲಿಂಗ್ ಸೇತುವೆಯ ಕಾಳಗವನ್ನು ಸೇತುವೆಯೇ ಇಲ್ಲದೆ ತೋರಿಸಿತು, ಶತ್ರುವಿನ ದಂಡು ಇಕ್ಕಟ್ಟಾದ ಸೇತುವೆ ದಾಟುವಾಗ ಅರ್ಧಕ್ಕೆ ತುಂಡಾದದ್ದೇ ಸ್ಕಾಟ್ಲೆಂಡಿನ ನಾಯಕ ವ್ಯಾಲೇಸನ ಗೆಲುವಿಗೆ ಕಾರಣ. ಅವನನ್ನು ಪ್ರೀತಿಸಿದಳೆಂದು ತೋರಿಸಿದ ರಾಜಕುಮಾರಿ ಇಸಬೆಲ್ಲಾ, ಅವನನ್ನು ಕೊಂದ 1305ರಲ್ಲಿ ಫ್ರಾನ್ಸಿನಲ್ಲಿದ್ದ ಹತ್ತು ವರ್ಷದ ಹುಡುಗಿ.

ಕಟ್ಟುಕಥೆಯೆಂದು ಬಾಯಿಬಿಟ್ಟು ಹೇಳಿದವರ ಮೇಲೆ ನನ್ನ ತಕರಾರಿಲ್ಲ. ಅಲ್ಲೂರಿ ಸೀತಾರಾಮರಾಜು ಮತ್ತು ಕೊಮರಂ ಭೀಮ್ ಎಂದೂ ಭೇಟಿಯಾದವರಲ್ಲ, ಅವರಿಬ್ಬರನ್ನು ಗೆಳೆಯರನ್ನಾಗಿಸಿದ ಆರ್‌ಆರ್‌ಆರ್ ತಾನು ಕಲ್ಪನೆಯೆಂದೇ ಹೇಳಿಕೊಂಡಿತ್ತು.

ಪ್ರಶ್ನೆ: 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಮೇಲೆ ಕಾಲೇಜಿನಿಂದ ಕಿರುಚಿತ್ರ ತೆಗೆಯುತ್ತಿದ್ದೇವೆ. ಗಾಂಧೀಜಿ, ನೆಹರು, ಸುಭಾಷರು ತ್ರಿವರ್ಣ ಧ್ವಜದ ಕೆಳಗೆ ನಿಂತಿರುವಂತೆ ಮೊದಲ ದೃಶ್ಯ. ಏನಾದರೂ ತಿದ್ದಬೇಕೇ? (ಬೆಳಗಾವಿಯ ಪದವಿ ವಿದ್ಯಾರ್ಥಿನಿಯರು)

ಉತ್ತರ: ಚಿತ್ರ ತೆಗೆಯುವ ಮೊದಲೇ ಕೇಳಿದ್ದಕ್ಕೆ ಸಂತೋಷ. ಅಶೋಕಚಕ್ರದ ಧ್ವಜ 1947ರ ಜುಲೈಯದು, ಕೇಸರಿ ಬಣ್ಣದ ಚರಕಾ ಧ್ವಜ 1931ರದು. ನಿಮ್ಮ ದೃಶ್ಯಕ್ಕೆ ಬೇಕಾದದ್ದು ಮೇಲೆ ಬಿಳಿ, ನಡುವೆ ಹಸಿರು, ಕೆಳಗೆ ಕೆಂಪು, ಮೂರನ್ನೂ ತುಂಬಿಕೊಂಡ ಚರಕಾ ಇರುವ ಸ್ವರಾಜ್ಯ ಧ್ವಜ. ಗಾಂಧೀಜಿಗೆ ತುಂಡು ಪಂಚೆ ಸರಿಯಾಗಿದೆ, 1921ರಿಂದಲೇ ಅವರು ಅದನ್ನು ಉಡುತ್ತಿದ್ದರು. ಅವರು ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಇದೆಂಬುದನ್ನು ತಪ್ಪದೆ ಹೇಳಿರಿ. ನೀರಿಗಾಗಿ ತೋಡಿಸಿದ ಬಾವಿ ಟಿಳಕವಾಡಿಯಲ್ಲಿ ಇನ್ನೂ ಇದೆ, ಅಲ್ಲಿಯೇ ಚಿತ್ರೀಕರಿಸಬಹುದು. ಹುಯಿಲಗೋಳ ನಾರಾಯಣರಾಯರ ‘ಉದಯವಾಗಲಿ’ ಗೀತೆ ಆ ಸಭೆಯಲ್ಲಿ ಹಾಡಿದ್ದೇ, ಎಳೆಯ ಬಾಲೆ ಗಂಗೂಬಾಯಿ ಹಾನಗಲ್ ಅವರೂ ಅಲ್ಲಿ ಹಾಡಿದ್ದರು. ಅದಕ್ಕೊಬ್ಬ ಹುಡುಗಿಯನ್ನು ಹುಡುಕಿರಿ. ಸುಭಾಷರನ್ನು ಮಾತ್ರ ಬಿಡಬೇಕಾಗುತ್ತದೆ. ಅವರನ್ನು 1924ರ ಅಕ್ಟೋಬರ್‌ನಲ್ಲಿಯೇ ಬಂಗಾಳದಲ್ಲಿ ಬಂಧಿಸಲಾಗಿತ್ತು, ಅಲ್ಲಿಂದ ಮಂಡಾಲೆಯ ಸೆರೆಗೆ ಕಳಿಸಿದರು, 1927ರವರೆಗೆ ಬಿಡುಗಡೆಯಾಗಲಿಲ್ಲ. ಆ ಪಾತ್ರಕ್ಕೆ ಆರಿಸಿದ ಹುಡುಗನಿಗೆ ಬೇಸರವಾಗದಂತೆ, ಅಧಿವೇಶನದ ಸ್ವಯಂಸೇವಕರನ್ನು ಮುನ್ನಡೆಸಿದ ಡಾ. ನಾ.ಸು. ಹರ್ಡೀಕರರ ಪಾತ್ರವನ್ನು ಕೊಡಿರಿ. ಸಮವಸ್ತ್ರ ಹೇಗೂ ಬೇಕು, ಒಂದು ಟೋಪಿ ಬದಲಿಸಿದರೆ ಆಯಿತು.